ಅಮೋಘಸಿದ್ದನ ಮೇಲಿನ ಏಳು ಕೇಸು

ಪೊಲೀಸ್ ಠಾಣೆಯ ಸಿಕಂದರ ಜಮಾದಾರರು ಸೈಕಲ್ಲನ್ನು ಬೇವಿನ ಗಿಡಕ್ಕೆ ಒರಗಿಸಿದರು. ಬಗಲಲ್ಲಿದ್ದ ಫೈಲನ್ನು ತೊಡೆಯ ಮೇಲೆ ಬಿಚ್ಚಿದರು.

"ಎಂಟು ಮಂದಿಯೊಳಗ ಏಳು ಮಂದಿ ಸಾಫ್ ಇದ್ದೀರಿ. ಒಬ್ಬಾಂವನ ಮ್ಯಾಲ ಏಳು ಕೇಸು ಅದಾವ. ಏಳಕ್ಕೂ ಸಜಾ ಆಗ್ಯದ."

ಚಹಾ ಕುಡಿಯುತ್ತಿದ್ದ ರೇವಣಪ್ಪ ಬಸಿಯನ್ನು ಕೆಳಗಿಟ್ಟ.

"ಯಾರ ಮ್ಯಾಲರಿ?" ಎಂದು ಜಗದೇವಪ್ಪ ಮಾಸ್ತರರು ಕೇಳಿದರು.

"ಅಮೋಘಸಿದ್ದ, ತಂದಿ ಬೀರಪ್ಪ."

ಎಲ್ಲರೂ ಮೇಳದ ಹಿರಿಯಜ್ಜ ಮುತ್ಯಾನ ಕಡೆಗೆ ತಿರುಗಿದರು. ಅವನು ತನ್ನ ಬೆನ್ನ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದ. ಹಿಂದೆ ಒಂದು ಟಗರು ಬಿಟ್ಟರೆ ಯಾರೂ ಇರಲಿಲ್ಲ.

ನರೋಣಾದಿಂದ ಎರಡು ಮೈಲಿ ಆಚೆಗಿರುವ ಈ ಹಟ್ಟಿಯ ಡೊಳ್ಳಿನ ಮೇಳವನ್ನು ಗುಲ್ಬರ್ಗಾದಲ್ಲಿ ಕೇಳಿದ ಬೆಂಗಳೂರಿನ ಸಾಹೇಬರೊಬ್ಬರು, ಎಂಬತ್ತೇಳನೆಯ ಇಸವಿಯ ಆ ಬೇಸಿಗೆಯಲ್ಲಿ, ರಷ್ಯಾದ ಉತ್ಸವಕ್ಕೆಂದು ಎಂಟು ಮಂದಿಯನ್ನು ಆರಿಸಿಬಿಟ್ಟಿದ್ದರು. ಕುರಿ ಕಾಯುವವರು ವಿಮಾನ ಕಾಯುವಂತಾಯಿತು. ನರೋಣಾದ ಶಾಲೆಯ ಜಗದೇವಪ್ಪ ಮಾಸ್ತರರು ಪಾಸ್‌ಪೋರ್ಟಿನ ಅರ್ಜಿಗಳನ್ನು ತಾವೇ ತುಂಬಿದ್ದರು. ಹಾಜರಿ ಕೂಗುವ ಧಾಟಿಯಲ್ಲೇ ಒಂದೊಂದು ಪ್ರಶ್ನೆ ಕೂಗಿದ್ದರು: "ಅರ್ಜಿದಾರನಿಗೆ ಯಾವುದೇ ನ್ಯಾಯಾಲಯದಿಂದ ಎಂದಾದರೂ ಶಿಕ್ಷೆ ಆಗಿದೆಯೇ?" ಎಂಟೂ ಮಂದಿ ಒಂದೇ ದನಿಯಲ್ಲಿ "ಇಲ್ರೀ" ಎಂದಿದ್ದರು. ರೇವಣಪ್ಪನ ದನಿ ಎಲ್ಲರಿಗಿಂತ ಜೋರಾಗಿತ್ತು. ವಯಸ್ಕರ ಶಾಲೆಯಲ್ಲಿ ಹೊಸದಾಗಿ ಕಲಿತ ಸಹಿಯನ್ನು, ನಾಲಿಗೆ ಕಚ್ಚಿಕೊಂಡು, ಆ ಸುಳ್ಳಿನ ಕೆಳಗೆ ಇಳಿಸಿದ್ದ.

ಆಗ ಅದು ಸುಳ್ಳೆಂದು ಅವನಿಗೂ ಅನ್ನಿಸಿರಲಿಲ್ಲ. ಸರಕಾರದವರು ಹಳ್ಳದ ದಂಡೆಗೆ ಸುಬಾಬುಲ್ ಸಸಿ ಹಚ್ಚಿದಾಗಿನಿಂದ ಹಟ್ಟಿಯಲ್ಲಿ ಒಂದು ರೂಢಿ ಬಿದ್ದಿತ್ತು. ಸುಬಾಬುಲ್ ಅಂದರೆ ಕುರಿಗೆ ಹೋಳಿಗೆ. ಒಳಗೆ ನುಗ್ಗಿದ ಕುರಿಯನ್ನು ಅರಣ್ಯ ಇಲಾಖೆಯ ಗಾರ್ಡ್ ದೌಲತರಾಯ ಹಿಡಿದು "ಯಾರ ಕುರಿ ಲೇ ಇವು?" ಎಂದು ಕೇಳಿದರೆ, ಯಾರೇ ಸಿಕ್ಕಿಬಿದ್ದಿರಲಿ, ಹೇಳುವ ಮಾತು ಒಂದೇ: "ಅಮೋಘಸಿದ್ದಂದ್ರಿ." ಅಮೋಘಸಿದ್ದ ಹಟ್ಟಿಯ ದೇವರು; ಕುರಿ ದೇವರದು, ಕಾಯುವುದಷ್ಟೇ ನಮ್ಮದು ಎಂದು ಹಿರಿಯರು ಹೇಳಿಕೊಟ್ಟ ಮಾತು. ಗಾರ್ಡ್ ಬರೆದುಕೊಳ್ಳುತ್ತಿದ್ದ. "ತಂದಿ ಹೆಸರು?" ಎಂದರೆ "ಬೀರಪ್ಪ" ಎನ್ನುತ್ತಿದ್ದರು. ಬೀರಪ್ಪ ದೇವರೆಂದರೆ ಹಟ್ಟಿಗೆಲ್ಲ ತಂದೆಯೇ. ಆಮೇಲೆ ಆಳಂದದ ಕೋರ್ಟಿನಲ್ಲಿ ನಿಂತು, ತಪ್ಪೊಪ್ಪಿ, ಹೆಬ್ಬೆಟ್ಟು ಒತ್ತಿ, "ಕೋರ್ಟು ಏಳುವತನಕ ಸಜಾ" ಅನ್ನಿಸಿಕೊಳ್ಳುವುದು. ಕೋರ್ಟು ಏಳುವವರೆಗೆ ಇವರು ಮೂಲೆಯಲ್ಲಿ ಕೂರುವುದು. ಜಜ್ ಸಾಹೇಬರು ಎದ್ದೊಡನೆ ಇವರೂ ಎದ್ದು, ಫುಟಾಣಿ ತಿಂದು, ಐದರ ಬಸ್ಸಿಗೆ ಮರಳುವುದು. ಅದಕ್ಕೆ ಯಾರೂ ಸಜಾ ಎಂದು ಹೆಸರಿಡಲಿಲ್ಲ. ಹೆಚ್ಚೆಂದರೆ ಸುಸ್ತು ಎಂದರು.

ಹಟ್ಟಿಯಲ್ಲಿ ಅದೇ ಹೆಸರಿನ, ಅದೇ ತಂದೆಯ ಒಬ್ಬ ಮನುಷ್ಯನಿದ್ದಾನೆ ಎಂಬುದು ಯಾರ ತಲೆಗೂ ಬರಲಿಲ್ಲ. ಯಾಕೆಂದರೆ ಅವನನ್ನು ಆ ಹೆಸರಿನಿಂದ ಕರೆಯುವವರೇ ಇರಲಿಲ್ಲ. ಮೇಳದ ಮೊದಲ ಪೆಟ್ಟು ಅವನದು, ಹಾಡಿನ ಮೊದಲ ನುಡಿ ಅವನದು. ಎಲ್ಲರಿಗೂ ಅವನು ಮುತ್ಯಾ. ಅರವತ್ತು ವರ್ಷಗಳಲ್ಲಿ ಅವನ ಪೂರ್ತಿ ಹೆಸರು ಕಾಗದದ ಮೇಲೆ ಬಂದದ್ದು ಪಾಸ್‌ಪೋರ್ಟಿನ ಅರ್ಜಿಯಲ್ಲೇ ಮೊದಲು. ಮತ್ತೆ ಅವನ ಕುರಿಗಳೋ! ಸಸಿಯ ಬೇಲಿ ಕಂಡರೆ ಮೈಲು ದೂರದಲ್ಲೇ ಮುಖ ತಿರುಗಿಸುತ್ತಿದ್ದವು.

"ರಿಪೋರ್ಟ್ ಖರಾಬ್ ಹೋದ್ರ ಪಾಸ್‌ಪೋರ್ಟ್ ಬರಂಗಿಲ್ಲ," ಎಂದರು ಸಿಕಂದರ ಜಮಾದಾರರು. "ಬಂತು ಅಂತ ತಿಳೀರಿ. ದಿಲ್ಲ್ಯಾಗ ವಿಮಾನದ ಬಾಗಲದಾಗ ಇಷ್ಟು ದಪ್ಪನ ಬುಕ್ ಇಟ್ಕೊಂಡು ಕುಂತಿರ್ತಾರ. ಅದ್ರಾಗ ಹೆಸರಿದ್ರ ಬಾಜೂಕ ಕರೀತಾರ. ಅದೂ ದಾಟಿದ್ರಿ ಅಂದ್ರ, ರಷ್ಯಾದ ಗಡಿಯಾಗ ಗಾಜಿನ ಡಬ್ಬ್ಯಾಗ ಒಬ್ಬ ಸಿಪಾಯಿ. ಒಮ್ಮೆ ಮಾರಿ ನೋಡ್ತಾನ, ಒಮ್ಮೆ ಫೋಟೋ ನೋಡ್ತಾನ. ನಗಂಗೇ ಇಲ್ಲ."

"ನಿಮಗ ಹೆಂಗ ಗೊತ್ರಿ?" ಎಂದ ದೇವಿಂದ್ರಪ್ಪ. ಮೇಳದಲ್ಲಿ ತಾಳದವನು, ಅವನ ಬಾಯಿಯೂ ತಾಳದಂತೆ ಸುಮ್ಮನಿರದು.

"ನಮ್ಮ ಅಳಿಯ ಕುವೈತದಾಗ ಇದ್ದಾನ. ಅಲ್ಲೇ ಹಿಂಗಂದ್ರ, ಅದಂತೂ ರಷ್ಯಾ!" ಜಮಾದಾರರು ಫೈಲು ಕಟ್ಟಿದರು. "ಸೋಮವಾರ ಎಂಟೂ ಮಂದಿ ಠಾಣೆಕ್ಕ ಬರ್ರಿ. ಹಳೇ ಕೇಸಿನ ಕಾಗದ ತರಸೇನಿ. ಹೆಬ್ಬೆಟ್ಟಿಗೆ ಹೆಬ್ಬೆಟ್ಟು ಹಚ್ಚಿ ನೋಡೋಣು."

ಹೆಬ್ಬೆಟ್ಟು ಎಂದಾಕ್ಷಣ ರೇವಣಪ್ಪ ತನ್ನ ಎಡಗೈಯನ್ನು ಕಂಬಳಿಯೊಳಗೆ ಎಳೆದುಕೊಂಡ. ಉಣ್ಣೆ ಕತ್ತರಿಸುವ ಕತ್ತರಿ ಹುಡುಗುತನದಲ್ಲೇ ಅವನ ಹೆಬ್ಬೆಟ್ಟನ್ನು ಅಡ್ಡಕ್ಕೆ ಸೀಳಿತ್ತು. ಒತ್ತಿದಲ್ಲೆಲ್ಲ ನಡುವೆ ಒಂದು ಬಿಳಿ ಗೆರೆ ಬೀಳುತ್ತಿತ್ತು, ಹೊಲದ ನಡುವಿನ ಬದುವಿನಂತೆ. ಏಳು ಕೇಸಿನಲ್ಲಿ ಎರಡು ಅವನವು.

ಮರುದಿನ ಉಣ್ಣೆ ಕತ್ತರಿಸುವ ಜಾಗದಲ್ಲಿ, ಮುತ್ಯಾ ಇಲ್ಲದ್ದು ನೋಡಿ, ರೇವಣಪ್ಪ ಮಾತು ತೆಗೆದ.

"ಹೇಳಿಬಿಡೋಣೇನು?"

ಕತ್ತರಿಗಳು ಒಮ್ಮೆಲೇ ನಿಂತವು. ಅರ್ಧ ಬೋಳಾದ ಕುರಿಯೊಂದು ಇದೇ ಸಮಯವೆಂದು ಎದ್ದು ಓಡಿತು.

"ಏನಂತ ಹೇಳ್ತಿ?" ಎಂದ ದೇವಿಂದ್ರಪ್ಪ. "ಒಂದು ನಂದು, ಎರಡು ನಿಂದು, ಉಳಿದವು ಇಲ್ಲೇ ಕುಂತವರದು. ಎಲ್ಲಾರೂ ಒಪ್ಪಿದ್ರ ರಷ್ಯಾಕ್ಕ ಡೊಳ್ಳಷ್ಟೇ ಹೋಗ್ತಾವ ಲೇ. ಬಾರಸವ್ರು ಬ್ಯಾಡೇನು?"

"ಮುತ್ಯಾ ಇಲ್ದ ಬಾರಸ್ತೀರೇನು?"

"ಮುತ್ಯಾಂದು ಮಾಸ್ತರ ಹೆಂಗರ ಮಾಡ್ತಾರ."

"ಮತ್ತ 'ಇಲ್ರೀ' ಅಂತ ಸಹಿ ಮಾಡೀವಲ್ಲ?"

"ಅದಕ್ಕ ಬಾಯಿ ಮುಚ್ಚು ಅನ್ನಾಕತ್ತೀನಿ. ಸಜಾ ಆಗಿದ್ದು ಒಂದು ಗುನ್ಹಾ, ಇಲ್ಲ ಅಂದಿದ್ದು ಇನ್ನೊಂದು. ಕುರಿ ಹೋಗಿ ತೋಳ ಬಂತು ಅಂದಂಗ."

ಅಲ್ಲಿಗೆ ಸಭೆ ಮುಗಿಯಿತು. ರೇವಣಪ್ಪನಿಗೂ ಹೋಗುವ ಆಸೆಯಿತ್ತು. ಸೋಲಾಪುರದ ಆಚೆ ಕಂಡವನಲ್ಲ. ಫೋಟೋ ತೆಗೆಸಲು ಹೊಸ ರುಮಾಲು ಸುತ್ತಿಕೊಂಡು ಕೂತಾಗ, ಆಳಂದದ ಫೋಟೋದವನು "ಗದ್ದ ಮ್ಯಾಲ ಮಾಡ್ರಿ" ಎಂದದ್ದಕ್ಕೆ, ಇದುವರೆಗೆ ತನಗೆ ಬಹುವಚನ ಹಚ್ಚಿ ಮಾತಾಡಿದವರು ಯಾರೂ ಇಲ್ಲವೆಂದು ಹೊಳೆದು, ಗದ್ದ ಇಳಿಸುವುದನ್ನೇ ಮರೆತು ಮನೆಗೆ ಬಂದಿದ್ದ.

ಶನಿವಾರ ಮುತ್ಯಾನ ಗುಡಿಸಲಿಗೆ ಹೋದ. ಡೊಳ್ಳು ಗೂಟಕ್ಕೆ ತೂಗುತ್ತಿತ್ತು. ಮುತ್ಯಾನ ಹೆಂಡತಿ ನಿಂಬೆವ್ವ ಬಾಗಿಲಲ್ಲೇ ತಡೆದಳು.

"ನೋಡಪ್ಪ ರೇವಣ, ನೀನರ ಬುದ್ಧಿ ಹೇಳು. ಎರಡು ದಿನ ಆಯ್ತು, ರೊಟ್ಟಿ ಮುರೀಲಿಲ್ಲ. ಒಂದೇ ಸವನ ಬೆರಳು ಎಣಸಾಕತ್ತಾನ."

ಮುತ್ಯಾ ನಿಜವಾಗಿಯೂ ಬೆರಳು ಮಡಚುತ್ತ ಕೂತಿದ್ದ.

"ಬಾ ರೇವಣ. ಒಂದು ನೆನಪಾತು ನೋಡು. ಆ ವರ್ಷ ಜ್ವರಾ ಬಂದಿತ್ತಲ್ಲ, ಆಗ ಕುರಿ ನುಗ್ಗಿರಬೇಕು. ಮತ್ತ ನಮ್ಮಪ್ಪ ಸತ್ತಾಗ ಮೂರು ದಿನ ನನಗ ಖಬರ್ ಇರಲಿಲ್ಲ, ಆಗೊಮ್ಮಿ. ಎರಡಾತು. ಉಳಿದ ಐದು ನೆನಪಿಗೆ ಬರವಲ್ವು."

"ಮುತ್ಯಾ, ನೀ ಯಾವತ್ತೂ ಕೋರ್ಟಿನ ಮೆಟ್ಟಲಾ ಹತ್ತಿಲ್ಲ!"

"ಹಂಗಂತ ನಾನೂ ತಿಳ್ದಿದ್ದೆ. ಆದ್ರ ಸರಕಾರ ಏಳು ಸಲ ಬರದದಲ್ಲಪ್ಪ. ಒಂದ್ಸಲ ತಪ್ಪಬಹುದು. ಏಳು ಸಲ ತಪ್ಪತದೇನು?" ಮುದುಕ ಅಂಗೈ ಬಿಡಿಸಿ ನೋಡಿಕೊಂಡ. "ಮಾಡಿದ್ದು ಮರತಿರಬೇಕು ನಾ. ಸೋಮವಾರ ಒಪ್ಕೊಂಡುಬಿಡ್ತೀನಿ. ನೀವರ ಹೋಗಿ ಬರ್ರಿ. ಮೊದಲನೇ ಪೆಟ್ಟು ನೀ ಹಾಕು."

"ಹೊಲದಾಗ ಕೆಲಸ ಅದ" ಎಂದು ರೇವಣಪ್ಪ ಹೊರಬಿದ್ದ. ಅವನಿಗೆ ಹೊಲವೇ ಇರಲಿಲ್ಲ.

ಸೋಮವಾರ ಠಾಣೆಯ ಬೆಂಚಿನ ಮೇಲೆ ಎಂಟು ರುಮಾಲುಗಳು ಸಾಲಾಗಿ ಕೂತವು. ಮಾಸ್ತರರು ನಿಂತೇ ಇದ್ದರು. ಸಿಕಂದರ ಜಮಾದಾರರು ಧೂಳು ಹಿಡಿದ ಕಟ್ಟೊಂದನ್ನು ಬಿಚ್ಚಿ ಏಳು ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಕೂತಲ್ಲಿಂದಲೇ ರೇವಣಪ್ಪನಿಗೆ ಕಂಡಿತು: ಎರಡನೆಯದು ಮತ್ತು ಆರನೆಯದು. ನೀಲಿ ಮಸಿಯ ನಡುವೆ ಬಿಳಿ ಬದು. ಇಷ್ಟು ದೂರಕ್ಕೆ ಕಾಣುವುದು ಮೇಜಿನ ಆ ಬದಿಯಲ್ಲಿ ಕೂತವರಿಗೆ ಕಾಣದೆ ಇದ್ದೀತೇ?

"ಬರ್ರಿ ಅಮೋಘಸಿದ್ದ."

ಆ ಹೆಸರು ಕರೆದರೆ ತಾನೇ ಏಳಬೇಕೆಂಬುದು ಮುದುಕನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಎದ್ದ. ಮಸಿಯ ಡಬ್ಬಿಯ ಮುಂದೆ ನಿಂತು, ಬೆರಳು ಚಾಚುವ ಮೊದಲೇ ಬಾಯಿ ತೆರೆದ. "ಸಾಹೇಬ್ರ, ನನಗ ನೆನಪಿಲ್ಲ, ಆದ್ರೂ ಮಾಡಿರಬೇಕ್ರಿ. ನಾ ಒಪ್ಕೊ..."

"ನಂದು ತಗೋರಿ!"

ರೇವಣಪ್ಪ ಯಾವಾಗ ಎದ್ದ, ಯಾವಾಗ ಡಬ್ಬಿಯಲ್ಲಿ ಹೆಬ್ಬೆಟ್ಟು ಅದ್ದಿದ ಎಂಬುದು ಅವನಿಗೇ ಗೊತ್ತಾಗಲಿಲ್ಲ. ಜಮಾದಾರರ ಮುಂದಿದ್ದ ಖಾಲಿ ಹಾಳೆಯ ಮೇಲೆ ಬಿಳಿ ಬದುವಿನ ಹೆಬ್ಬೆಟ್ಟು ಬಿದ್ದಿತ್ತು.

ಜಮಾದಾರರು ಅದನ್ನು ನೋಡಿದರು. ಎರಡನೆಯ ಹಾಳೆ ನೋಡಿದರು. ಆರನೆಯದನ್ನೂ ನೋಡಿದರು.

"ಇವೆರಡು ನಿನ್ನವು. ಉಳಿದ ಐದು?"

ಬೆಂಚಿನ ಮೇಲೆ ಆರು ರುಮಾಲುಗಳು ಬಗ್ಗಿದವು. ದೇವಿಂದ್ರಪ್ಪ ನೆಲದ ಫರಸಿ ಎಣಿಸುತ್ತಿದ್ದ. ರೇವಣಪ್ಪ ಅವರನ್ನೆಲ್ಲ ಒಮ್ಮೆ ನೋಡಿದ. ಇವರು ಒಪ್ಪಿದರೆ ಯಾರೂ ಹೋಗುವುದಿಲ್ಲ. ಒಪ್ಪದಿದ್ದರೆ ಐದು ಕೇಸು ಮುತ್ಯಾನ ತಲೆಯ ಮೇಲೇ ಉಳಿಯುತ್ತವೆ.

"ಏಳೂ ನನ್ನವೇ ರೀ."

"ಐದರಾಗ ಗೆರಿ ಇಲ್ಲಲ್ಲೋ?"

"ಅದು ನಡುನಡುವ ಮಾಯ್ತದ್ರಿ, ಸಾಹೇಬ್ರ."

ಜಮಾದಾರರು ಬಹಳ ಹೊತ್ತು ಅವನ ಮುಖ ನೋಡಿದರು. ಗಾಜಿನ ಡಬ್ಬಿಯಲ್ಲಿ ಕೂತ ಸಿಪಾಯಿ ಹೀಗೇ ನೋಡುತ್ತಾನೇನೋ ಎಂದು ರೇವಣಪ್ಪನಿಗೆ ಅನ್ನಿಸಿತು. ಕಡೆಗೆ ಏಳೂ ಹಾಳೆಗಳನ್ನು ಒಟ್ಟು ಮಾಡಿ ದಾರ ಬಿಗಿದರು.

"ದೇವರ ಹೆಸರು ಹೇಳಿದ್ದಿ, ಹೌದಿಲ್ಲೋ? ಕುರಿ ಮೇಸಿದ್ದಕ್ಕ ಯಾವ ಗಡಿಯಾಗೂ ತಡಿಯಂಗಿಲ್ಲ ಹುಚ್ಚಪ್ಪ. ಆದ್ರ ಕಾಗದದ ಮ್ಯಾಲ 'ಇಲ್ಲ' ಅಂತ ಸಹಿ ಮಾಡೀದಿ. ಅದನ್ನ ನಾ ಬರೀಲೇಬೇಕು. ನಿನ್ನ ಪಾಸ್‌ಪೋರ್ಟ್ ಈ ಸಲ ಬರೋದು ಕಠಿಣ."

"ಮುತ್ಯಾಂದು?"

"ಅವರ ಮ್ಯಾಲ ಏನದ? ಏನೂ ಇಲ್ಲ."

ಮುತ್ಯಾ ಮಸಿ ಹತ್ತದ ತನ್ನ ಹೆಬ್ಬೆಟ್ಟನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತ ಹೊರಗೆ ನಡೆದ. ಬಸ್ಸಿನಲ್ಲಿ ರೇವಣಪ್ಪನ ಬಾಜೂಕ್ಕೆ ಯಾರೂ ಕೂರಲಿಲ್ಲ. ನಾಚಿಕೆಯೋ, ಹೆದರಿಕೆಯೋ, ಅವರವರಿಗೇ ಗೊತ್ತು.

ತಿಂಗಳೊಪ್ಪತ್ತಿನಲ್ಲಿ ಏಳು ನೀಲಿ ಪುಸ್ತಕ ಬಂದವು. ಎಂಟನೆಯದು ಬರಲಿಲ್ಲ. ಹೊರಡುವ ದಿನ ಆಳಂದದ ಬಸ್‌ಸ್ಟ್ಯಾಂಡಿನಲ್ಲಿ, ಡೊಳ್ಳುಗಳನ್ನು ಬಸ್ಸಿನ ಮೇಲೆ ಏರಿಸುವಾಗ, ದೇವಿಂದ್ರಪ್ಪ ಬಂದು ರೇವಣಪ್ಪನ ಕೈಗೆ ತಂಬಾಕಿನ ಚೀಲ ತುರುಕಿ, ಏನೂ ಹೇಳದೆ ಬಸ್ಸು ಹತ್ತಿದ. ಅವನು ಏನೂ ಹೇಳದ್ದು ಅದೇ ಮೊದಲು.

ಕಡೆಗೆ ಬಂದವನು ಮುತ್ಯಾ. ಹೆಗಲ ಮೇಲೆ ಎರಡು ಕಂಬಳಿ.

"ನನ್ನ ಕುರಿ ನಿನ್ನ ಮ್ಯಾಲ ಬಿಟ್ಟು ಹೊಂಟೀನಿ."

"ಹೂಂ, ಮುತ್ಯಾ."

"ಸಸಿಗೆ ಬಿಟ್ಟಿ ಅಂದ್ರ," ಮುದುಕ ಅವನ ಕಿವಿ ಹಿಡಿದ, ಮೆಲ್ಲಗೆ ಹಿಡಿದ, "ಈ ಸಲ ನಿನ್ನ ಹೆಸರು ಹೇಳು, ಮಗನ."

ವಾರ ಕಳೆಯಿತು. ಸುದ್ದಿ ಇಲ್ಲ. ಮಾಸ್ತರರು ದಿನಾ ಪೋಸ್ಟಿಗೆ ಹೋಗಿ ಬರಿಗೈಯಲ್ಲಿ ಬರುತ್ತಿದ್ದರು. ಆ ದಪ್ಪನೆಯ ಪುಸ್ತಕದಲ್ಲಿ ಮುತ್ಯಾನ ಹೆಸರು ಹೊಡೆದುಹಾಕುವುದನ್ನು ಯಾರಾದರೂ ಮರೆತಿದ್ದರೆ? ನಗದ ಸಿಪಾಯಿ ಮುದುಕನನ್ನು ಬಾಜೂಕ್ಕೆ ಕರೆದಿದ್ದರೆ? ಅವರು ಯಾವ ಭಾಷೆಯಲ್ಲಿ ಕೇಳಿಯಾರು, ಮುತ್ಯಾ ಯಾವ ಭಾಷೆಯಲ್ಲಿ ಒಪ್ಪಿಕೊಂಡಾನು? ಕೇಳಿದ್ದಕ್ಕೆಲ್ಲ "ಮಾಡಿರಬೇಕ್ರಿ" ಎನ್ನುವ ಮನುಷ್ಯ. ಹೀಗೆ ಯೋಚಿಸುತ್ತ ಹಳ್ಳದ ದಂಡೆಯಲ್ಲಿ ನಿಂತ ರೇವಣಪ್ಪನಿಗೆ, ಮುತ್ಯಾನ ಅಷ್ಟು ಶಿಸ್ತಿನ ಕುರಿಗಳು ಬೇಲಿಯ ಕಂಡಿಯಲ್ಲಿ ಒಂದೊಂದಾಗಿ ಒಳಗೆ ಹೋದದ್ದು ಕಾಣಲಿಲ್ಲ. ಕಂಡಾಗ ಗಾರ್ಡ್ ದೌಲತರಾಯನ ಸೀಟಿ ಕೇಳಿಸಿತು.

"ಯಾರ ಕುರಿ ಲೇ ಇವು?"

ನಿಜ ಹೇಳಬೇಕೆಂದರೆ ಅವು ಅಮೋಘಸಿದ್ದನವೇ. ಈ ಸಲ ಅದು ಎಳ್ಳಷ್ಟೂ ಸುಳ್ಳಲ್ಲ.

"ನನ್ನವ್ರಿ," ಎಂದ. "ರೇವಣಪ್ಪ. ತಂದಿ ಸಿದ್ದಪ್ಪ. ಬರ್ಕೋರಿ."

ಗಾರ್ಡ್ ಪೆನ್ನು ತೆಗೆದವನು ಬರೆಯದೆ ಹುಬ್ಬೇರಿಸಿದ. "ಯಾಕಲೇ, ದೇವರು ಊರಾಗಿಲ್ಲೇನು?"

ರೇವಣಪ್ಪ ಬಡಗಣ ದಿಕ್ಕಿಗೆ ನೋಡಿದ.

"ಗಡಿ ದಾಟಿರಬೇಕ್ರಿ," ಎಂದ. "ಇನ್ನೂ ಖಬರ್ ಬಂದಿಲ್ಲ."