ಆಫ್ ಮಾಡಿದ ಫ್ಯಾನು

ವಿಶಾಖಾ ಫೋನ್ ಮಾಡಿದ್ದು ಸುಮ್ಮನೆ, ಅವ್ವ ಉಂಡಳೋ ಇಲ್ಲವೋ ಕೇಳಲಿಕ್ಕೆ. ರಾಯಚೂರಿನಲ್ಲಿ ಆಗಿನ್ನೂ ನೆತ್ತಿ ಸುಡುವ ಬಿಸಿಲು. ಸ್ಟೇಷನ್ ರಸ್ತೆಯಲ್ಲಿ ಬ್ಯಾಗನ್ನೇ ತಲೆಗೆ ಅಡ್ಡ ಹಿಡಿದು ಆಟೋ ಕಾಯುತ್ತಿದ್ದಳು. ತನ್ನೂರು ಮಸರಕಲ್ಲಿನಲ್ಲಿ ಮಾತ್ರ ಬಿರುಗಾಳಿ ಎದ್ದಿದೆ ಎನ್ನುವುದು ಅವ್ವನ ಹಲೋಗಿಂತ ಮೊದಲೇ ಅವಳ ಕಿವಿಗೆ ಬಿತ್ತು.

"ನೀ ಏನೂ ಚಿಂತಿ ಮಾಡಬ್ಯಾಡ ಬೇ," ಎಂದಳು ಪಾರ್ವತೆಮ್ಮ, ಗಾಳಿಯ ಮೇಲೆ ದನಿ ಏರಿಸಿ. "ದೇವದುರ್ಗದ ಕಡಿಂದ ಕಪ್ಪಗ ಬಂತು. ನೋಡಿದ ಕೂಡಲೇ ನಿನ್ನ ಫ್ಯಾನ್ ಆಫ್ ಮಾಡೀನಿ."

ವಿಶಾಖಾ ತಲೆಗೆ ಹಿಡಿದ ಬ್ಯಾಗನ್ನು ತಟ್ಟನೆ ಕೆಳಗಿಳಿಸಿದಳು.

ಪಾರ್ವತೆಮ್ಮನದು ತಪ್ಪೆನ್ನುವಂತಿಲ್ಲ. ಗುಡುಗು ಕೇಳಿದರೆ ಒಣ ಹಾಕಿದ ಬಟ್ಟೆ ಎಳೆದುಕೊಳ್ಳುವುದು, ಮೇನ್ ಇಳಿಸುವುದು, ಇವನ್ನು ಊರಿನ ಯಾವ ಹೆಂಗಸಿಗೂ ಕಲಿಸಬೇಕಿಲ್ಲ. ಆದರೆ ಅವಳು ಫ್ಯಾನ್ ಎನ್ನುವುದು ಮಾಳಿಗೆಯ ಮೇಲೆ ಕಬ್ಬಿಣದ ಕಂಬಕ್ಕೇರಿಸಿದ, ಕರೆಂಟ್ ಹುಟ್ಟಿಸುವ ಗಾಳಿಯಂತ್ರ; ಅದರ ಜಾತಿಯೇ ಬೇರೆ. ಬ್ಯಾಟರಿಗೆ ಕರೆಂಟ್ ತುಂಬುವ ಹೊರೆ ಇರುವಷ್ಟು ಹೊತ್ತು ಅದು ಹದದಲ್ಲಿ ತಿರುಗುತ್ತದೆ. ಹೊರೆ ಕಳಚಿದಿರೋ, ಮೂಗುದಾರ ಕಿತ್ತ ಹೋರಿ. ಗಾಳಿ ನೂಕಿದಷ್ಟೂ ತಿರುಗಿ ಕೊನೆಗೆ ರೆಕ್ಕೆಯನ್ನೇ ಕಿತ್ತು ಎಸೆಯುತ್ತದೆ.

ಆ ಮೂರು ರೆಕ್ಕೆಗಳನ್ನು ಮಾನ್ವಿ ತಾಲೂಕಿನ ಮಲ್ಲಟದ ಬಡಿಗನಿಂದ ಕೆತ್ತಿಸಿದವಳು ವಿಶಾಖಾಳೇ. ಗೋಡೆಗೆ ಹಿಡಿಕೆಯ ಸ್ವಿಚ್ಚು ಕೂರಿಸಿದವಳೂ ಅವಳೇ. ಹಿಡಿಕೆ ಮೇಲಿದ್ದರೆ ಬ್ಯಾಟರಿ, ಕೆಳಗಿದ್ದರೆ ಬ್ರೇಕು, ನಡುವೆ ಇದ್ದರೆ ಎರಡೂ ಇಲ್ಲ. ರಾಯಚೂರಿನಲ್ಲಿ ನಲವತ್ತು ಹುಡುಗರಿಗೆ ಎಲೆಕ್ಟ್ರಿಕಲ್ ಪಾಠ ಹೇಳುವ ಮೇಡಮ್ಮು ಹೆತ್ತ ತಾಯಿಗೆ ಇಷ್ಟು ಹೇಳಿಕೊಟ್ಟಿರಲಿಲ್ಲ. 'ನೀ ಮುಟ್ಟಬ್ಯಾಡ, ನಾ ಬಂದಾಗ ನೋಡ್ಕೋತೀನಿ' ಎಂದು ದೊಡ್ಡಸ್ತಿಕೆ ಮಾಡಿ ಹೋಗಿದ್ದಳು.

"ಯವ್ವಾ, ಹಿಡಕಿ ಎಲ್ಲಿಗೆ ನಿಂತದ?"

"ನಡುವ ಅದ. ಅಲ್ಲ, ಆಫ್ ಮಾಡಿದ್ರೂ ಯಾಕ ಹಿಂಗ ಒದರಾಕತ್ತದ ಇದು?"

ಗಾಳಿಯ ಹಿಂದೆ ಆ ಸದ್ದು ಈಗ ವಿಶಾಖಾಳಿಗೂ ಕೇಳಿಸಿತು. ಗಿರಣಿಯ ಬೆಲ್ಟು ಜಾರಿದಾಗಿನ ಕೀರಲು, ನಿಲ್ಲದೆ ಏರುತ್ತಲೇ ಇತ್ತು. ರೆಕ್ಕೆ ಹಾರಿದರೆ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಬೇಕಾಗಿರಲಿಲ್ಲ. ಗೋಡೆಗೆ ಹತ್ತಿಕೊಂಡೇ ಸುಜಾತಾಳ ತಗಡಿನ ಮನೆ.

"ಸುಜಾತಕ್ಕ ಎಲ್ಲಿದಾಳ?"

"ಇನ್ನೆಲ್ಲಿ ಇರ್ತಾಳ, ಒಂಬತ್ತು ದಿನದ ಬಾಣಂತಿ. ಒಳಗ ಕೂಸಿನ ಹಾಕ್ಕೊಂಡು ಮಲಗ್ಯಾಳ."

"ಅಕಿನ್ನ ಕರಕೊಂಡು ನಮ್ಮನಿಗೆ ಬಾ. ಲಗೂ ಹೋಗು."

"ಆಣಿಕಲ್ಲು ಬೀಳಾಕತ್ತಾವ! ಅವರ ಬಾಗಲಾ ಆಚಿ ಓಣಿಗದ, ಗ್ವಾಡಿ ಬಡದು ಒದರಿದ್ರೂ ಕೇಳವಲ್ದು. ಯಾಕ, ಏನಾಗೇದ?"

ವಿಶಾಖಾ ಏನಾಗಿದೆಯೆಂದು ಎರಡೇ ಮಾತಿನಲ್ಲಿ ಹೇಳಿದಳು. ಪಾರ್ವತೆಮ್ಮ ಉಸಿರೆಳೆದುಕೊಂಡದ್ದು ಕೇಳಿಸಿತು.

"ಈಗ ಹಿಡಕಿ ಮ್ಯಾಲ ಹಾಕು ಯವ್ವಾ. ಸಪ್ಪಳ ತಗ್ಗಿದ ಮ್ಯಾಲ ಪೂರಾ ಕೆಳಗ ಎಳಿ. ಕೈ ಒರಸ್ಕೋ, ಚಪ್ಪಲಿ ಹಾಕ್ಕೋ. ಕಿಡಿ ಹಾರತದ, ಹೆದರಬ್ಯಾಡ."

"ಮಿಂಚಾಕತ್ತದ ಬೇ."

"ನಿನಗ ಏನೂ ಆಗಂಗಿಲ್ಲ."

ಹಾಗೆಂದವಳಿಗೆ ಅದು ಖಾತ್ರಿ ಇರಲಿಲ್ಲ. ಇಷ್ಟು ವೇಗದಲ್ಲಿ ಆ ಸ್ವಿಚ್ಚನ್ನು ಅವಳೇ ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

ಆ ಕಡೆ ಪಾರ್ವತೆಮ್ಮ ಚಪ್ಪಲಿ ಮೆಟ್ಟಿದ ಸದ್ದು ಕೇಳಿಸಿತು. ಆಮೇಲೆ, "ನಿಮ್ಮಪ್ಪಗ ನಾನೂ ಹಿಂಗೇ ಅಂದಿದ್ದೆ," ಎಂದಳು.

ಅಯ್ಯಣ್ಣ ಸತ್ತು ಹನ್ನೊಂದು ವರ್ಷವಾಗಿತ್ತು. ತಾನು ಆಳಾಗಿ ದುಡಿಯುತ್ತಿದ್ದ ಶಂಭುಲಿಂಗಪ್ಪನ ಹೊಲದಲ್ಲಿ, ಮಳೆಯಲ್ಲಿ, ನೆನೆದ ಸ್ಟಾರ್ಟರ್ ಪೆಟ್ಟಿಗೆಗೆ ಕೈ ಹಾಕಿ ಹೋಗಿದ್ದ. ಅಂಥ ಮಳೆಯಲ್ಲಿ ಅಪ್ಪನನ್ನು ಕಳಿಸಿದವರು ಯಾರು ಎಂದು ವಿಶಾಖಾ ಅಂದು ಶಂಭುಲಿಂಗಪ್ಪನ ಅಂಗಳದಲ್ಲಿ ನಿಂತು ಬಾಯಿಗೆ ಬಂದಂತೆ ಬೈದಿದ್ದಳು. ಅವ್ವ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದಳು.

"ಕರೆಂಟ್ ಬಂದದ, ಮೋಟಾರ್ ಹಚ್ಚಿ ಬರ್ರಿ ಅಂದೆ. ಮಳಿ ಅದ ಅಂದ್ರು. ಏನೂ ಆಗಂಗಿಲ್ಲ ಹೋಗ್ರಿ ಅಂದೆ."

ಬೇಡ, ಮುಟ್ಟಬೇಡ ಎನ್ನಲು ವಿಶಾಖಾ ಬಾಯಿ ತೆರೆದಳು. ತಗಡಿನ ಕೆಳಗಿನ ಕೂಸು ಕಣ್ಣ ಮುಂದೆ ಬಂತು.

"ಇಡ್ತೀನಿ. ಎರಡೂ ಕೈ ಬೇಕು," ಎಂದಳು ಪಾರ್ವತೆಮ್ಮ. ಫೋನ್ ಕಟ್ಟಾಯಿತು.

ಎರಡು ನಿಮಿಷ ಬಿಟ್ಟು ಮಾಡಿದರೆ ನೆಟ್‌ವರ್ಕ್ ಇಲ್ಲ. ಮತ್ತೆ ಮಾಡಿದರೂ ಇಲ್ಲ. "ಎಲ್ಲಿಗ್ರೀ ಅಕ್ಕಾರ?" ಎಂದು ಆಟೋದವನೊಬ್ಬ ಕೇಳಿದ; ಅವನನ್ನು ಕೈಬೀಸಿ ಕಳಿಸಿ ಮತ್ತೆ ನಂಬರ್ ಒತ್ತಿದಳು. ಬಿಸಿಲು ಮಾಯವಾಗಿ ರಸ್ತೆಯ ತುಂಬ ಧೂಳೆದ್ದಿತು. ಜನ ಅಂಗಡಿಗಳೊಳಗೆ ನುಗ್ಗಿದರು. ವಿಶಾಖಾ ಮಾತ್ರ ಕಣ್ಣಿಗೆ ಮಣ್ಣು ತುಂಬಿಸಿಕೊಳ್ಳುತ್ತ ಅಲ್ಲೇ ನಿಂತಳು. ಕಳಿಸಿದ್ದು ತಾನು, ಹೋಗಿದ್ದು ಅವ್ವ. ಅವ್ವನಿಗೇನಾದರೂ ಆದರೆ ಯಾರ ಅಂಗಳದಲ್ಲಿ ನಿಂತು ಬೈಯುವುದು? ಅಂಥದೊಂದನ್ನು ಆ ಹೆಂಗಸು ಹನ್ನೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ರೊಟ್ಟಿ ತಟ್ಟಿದ್ದಳು, ಮಗಳನ್ನು ಓದಿಸಿದ್ದಳು.

ಹದಿನೇಳನೇ ಸಲ ಒತ್ತುವಷ್ಟರಲ್ಲಿ ಫೋನ್ ತಾನೇ ಹೊಡೆದುಕೊಂಡಿತು.

"ನಾ ಅದೀನಿ," ಎಂದಳು ಪಾರ್ವತೆಮ್ಮ. ಏದುಸಿರು ಬಿಡುತ್ತಿದ್ದಳು. "ವಿಶಾಖಾ, ನಾ ಅದೀನಿ."

ವಿಶಾಖಾ ಇನ್ನೊಂದು ಕಿವಿ ಮುಚ್ಚಿಕೊಂಡು ಫೋನನ್ನು ಒತ್ತಿ ಹಿಡಿದಳು.

"ಕಿಡಿ ಹಾರಿ ಮಾರಿ ಮ್ಯಾಲೆ ಬಂತು, ಕೈ ಬಿಡಲಿಲ್ಲ. ಈಗ ಸಪ್ಪಳ ಇಲ್ಲ. ಕೂಸು ಅಳೂದು ಕೇಳಸಾಕತ್ತದ."

"ಎಲ್ಲಿ ನಿಂತಿ ನೀ? ಅದೇನು ಟಪಟಪ?"

"ಮಾಳಿಗಿ ಮೆಟ್ಟಲ ಮ್ಯಾಲ. ಒಳಗ ಟವರ್ ಸಿಗವಲ್ದು."

"ಆಣಿಕಲ್ಲಾಗ? ಇಳಿ ಯವ್ವಾ! ಮಳಿ ನಿಂತ ಮ್ಯಾಲ ಮಾಡಿದ್ರ ಆಗತಿದ್ದಿಲ್ಲೇನು?"

"ಕಳಿಸಿದಾಕಿಗೆ ಲಗೂನ ಹೇಳಬೇಕು ಬೇ," ಎಂದಳು ಪಾರ್ವತೆಮ್ಮ. "ಅವತ್ತು ಕತ್ತಲಾಗೂ ತನಕ ನನಗ ಯಾರೂ ಬಂದು ಹೇಳಲಿಲ್ಲ."