ಲುಕಿಂಗ್ ಇಂಟು ಮೇಡಂ

ಲಿಫ್ಟ್ ಕಂಪನಿಯ ದೂರು ವಿಭಾಗ ಇರುವುದು ಲಿಫ್ಟೇ ಇಲ್ಲದ ಹಳೇ ಕಟ್ಟಡವೊಂದರ ನೆಲಮಹಡಿಯಲ್ಲಿ. ಸಾಲಾಗಿ ಮೇಜುಗಳು, ಒಂದೇ ಕಿಟಕಿ, ಸದಾ ಕಿರುಗುಟ್ಟುವ ಫ್ಯಾನು. ಕಿಟಕಿ ಪಕ್ಕದ ಜಾಗ ಎಲ್ಲರಿಗಿಂತ ಹಳಬರಿಗೆ ಮೀಸಲು. ಅಲ್ಲಿ ಕೂರುವವಳೇ ಈ ಕಥೆಯ ಸೊಸೆ. ಮನೆಯಲ್ಲಿ ಅವಳು ಸೊಸೆ. ಆಫೀಸಿನಲ್ಲಿ ‘ಲುಕಿಂಗ್ ಇಂಟು ಮೇಡಂ’. ಬೆನ್ನ ಹಿಂದೆ ಅಲ್ಲ, ಎದುರಿಗೇ ಹಾಗೆ ಕರೆಯುತ್ತಾರೆ. ಅವಳೂ ನಗುತ್ತಾಳೆ.

ಹೊಸದಾಗಿ ಸೇರಿದವರಿಗೆ ಪಾಠ ಹೇಳುವುದೂ ಅವಳ ಕೆಲಸವೇ.

“ದೂರು ಬಂದ ತಕ್ಷಣ, ವಿ ಆರ್ ಲುಕಿಂಗ್ ಇಂಟು ಇಟ್, ಅಂದ್ರೆ ನೋಡ್ತಿದೀವಿ ಅಂತ ಬರೀಬೇಕು. ಇನ್ನೊಂದ್ಸಲ ಬರೆದ್ರೆ, ವಿ ಹ್ಯಾವ್ ಟೇಕನ್ ಇಟ್ ಅಪ್. ಬೈದು ಬರೆದ್ರೆ, ವಿ ವಿಲ್ ಗೆಟ್ ಬ್ಯಾಕ್ ಟು ಯೂ. ಅಷ್ಟಕ್ಕೂ ಬಿಡದೇ ಇದ್ರೆ, ವಿ ಆರ್ ಫಾಲೋಯಿಂಗ್ ಅಪ್.”

“ನಿಜವಾಗ್ಲೂ ಯಾರು ನೋಡ್ತಿರ್ತಾರೆ ಮೇಡಂ?” ಎಂದು ಹೊಸಬಳೊಬ್ಬಳು ಕೇಳಿದ್ದಳು.

“ಯಾರೂ ನೋಡ್ತಿರಲ್ಲ. ಹಾಗಂತ ಸುಳ್ಳು ಬರೆದ ಹಾಗೂ ಆಗಲ್ಲ.”

ಲುಕ್ ಇಂಟು, ಟೇಕ್ ಅಪ್ ಎಂಬಂಥ ಇಂಗ್ಲಿಷಿನ ಈ ಜೋಡಿ ಮಾತುಗಳದ್ದೇನೂ ತಪ್ಪಿಲ್ಲ, ಪಾಪ. ಹೇಳಿದ್ದನ್ನು ಮಾಡುವವರ ಕೈಯಲ್ಲಿ ಅವು ಮರ್ಯಾದೆಯಾಗಿ ದುಡಿಯುತ್ತವೆ. ಈ ಆಫೀಸಿನಲ್ಲಿ ಮಾತ್ರ ಅವುಗಳ ಕೆಲಸ ಜನರ ಮೂಗಿಗೆ ತುಪ್ಪ ಸವರುವುದು. ತಾರೀಕು ಮಾತ್ರ ಬರೆಯಕೂಡದು ಎಂಬುದು ಮ್ಯಾನೇಜರ್ ಸಾಹೇಬರ ಅಪ್ಪಣೆ. ತಾರೀಕು ಕೊಟ್ಟರೆ ಕತ್ತು ಕೊಟ್ಟ ಹಾಗೆ ಎಂದು ಅವರು ಮೀಟಿಂಗಿನಲ್ಲೆಲ್ಲ ಹೇಳುತ್ತಿದ್ದರು.

ಹೀಗೆ ನೆಮ್ಮದಿಯಾಗಿ ಸಾಗುತ್ತಿದ್ದ ಕಾಲದಲ್ಲಿ ಸೊಸೆ ವಾಸವಿದ್ದ ಕಟ್ಟಡದ ಲಿಫ್ಟೇ ಕೆಟ್ಟು ನಿಂತಿತು. ಅದು ಅವಳ ಕಂಪನಿಯದೇ ಲಿಫ್ಟು. ಹಾಕಿಸುವಾಗ ಮನೆ ಮನೆಗೆ ಹೋಗಿ, “ನಮ್ಮ ಕಂಪನೀದೇ ತಗೊಳ್ಳಿ, ತೊಂದ್ರೆ ಬಂದ್ರೆ ನಾನಿಲ್ವಾ?” ಎಂದವಳು ಅವಳೇ. ನನ್ನ ಸೊಸೆ ಒಂದು ಮಾತು ಹೇಳಿದರೆ ಕಂಪನಿಯೇ ಎದ್ದು ನಿಲ್ಲುತ್ತದೆ ಎಂದು ಅವಳ ಅತ್ತೆಯೂ ಅಕ್ಕಪಕ್ಕದವರ ಎದುರು ಕೊಚ್ಚಿಕೊಂಡಿದ್ದರು. ಕಟ್ಟಡದ ಸೆಕ್ರೆಟರಿ ಬರೆದ ದೂರು ಮರುದಿನ ಬೆಳಿಗ್ಗೆ ಸೀದಾ ಬಂದು ಬಿದ್ದದ್ದು ಅವಳ ಕಂಪ್ಯೂಟರಿಗೇ. ಅಭ್ಯಾಸಬಲ. ವಿ ಆರ್ ಲುಕಿಂಗ್ ಇಂಟು ಇಟ್ ಎಂದು ಕಳಿಸಿಬಿಟ್ಟಳು. ಸೆಕ್ರೆಟರಿ ಅದನ್ನು ದೊಡ್ಡಕ್ಷರದಲ್ಲಿ ಪ್ರಿಂಟ್ ಹಾಕಿಸಿ ಲಿಫ್ಟಿನ ಬಾಗಿಲಿಗೆ ಅಂಟಿಸಿದರು.

ಆಮೇಲೆ ಸ್ಟೋರಿನವನನ್ನು ಕೇಳಿದಾಗ ಗೊತ್ತಾಯಿತು. ಕೆಟ್ಟ ಭಾಗ ಗೋಡೌನಿನಲ್ಲಿ ಇಲ್ಲ, ತರಿಸಲು ಇನ್ನೂ ಆರ್ಡರನ್ನೇ ಹಾಕಿಲ್ಲ. ಈ ತಿಂಗಳಂತೂ ಆಗುವ ಮಾತಲ್ಲ.

ಬೇರೆ ದಿನವಾಗಿದ್ದರೆ ನಾಲ್ಕು ಮಹಡಿ ಹತ್ತಿ ಇಳಿದು ಎಲ್ಲರೂ ಕಂಪನಿಗೆ ಹಿಡಿಶಾಪ ಹಾಕಿ ಸುಮ್ಮನಾಗುತ್ತಿದ್ದರು. ಆದರೆ ಅತ್ತೆಗೆ ಸೊಂಟದ ಮೂಳೆಯ ಆಪರೇಷನ್ ಆಗಿತ್ತು. ಮನೆಯೊಳಗೆ ಕೋಲು ಹಿಡಿದು ನಡೆಯುತ್ತಿದ್ದರು, ಮೆಟ್ಟಿಲು ಮುಟ್ಟುವಂತಿರಲಿಲ್ಲ. ಅದೇ ವಾರ ಅವರ ವಾರಗಿತ್ತಿ, ಅಂದರೆ ಸೊಸೆಗೆ ಚಿಕ್ಕತ್ತೆ, ಮಗಳ ಜೊತೆ ದೂರದ ದೇಶಕ್ಕೆ ಹೊರಟಿದ್ದರು. ಅಲ್ಲೇ ಇದ್ದುಬಿಡುವ ಏರ್ಪಾಡು, ವಾಪಸು ಬರುವ ಮಾತಿಲ್ಲ. ಹೃದಯದ ತೊಂದರೆಯಿದ್ದ ಅವರಿಗೂ ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದಿದ್ದರು. ಒಬ್ಬರು ಇಳಿಯುವಂತಿಲ್ಲ, ಇನ್ನೊಬ್ಬರು ಹತ್ತುವಂತಿಲ್ಲ.

ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಕಳೆದವರು. ಮನೆ ಪಾಲಾದಾಗ ಹೊಲಿಗೆ ಯಂತ್ರ ಕಾಣಲಿಲ್ಲ. ನೋಡಿದರೆ ಅದು ಚಿಕ್ಕತ್ತೆಯ ಮನೆಯಲ್ಲಿತ್ತು. ಅತ್ತೆ ನೆಂಟರೆಲ್ಲರ ಎದುರು “ಕಳ್ಳಿ” ಅಂದರು. ಅದನ್ನು ತನ್ನ ಗಂಡನೇ ತಮ್ಮನ ಹೆಂಡತಿಗೆ ಕೊಟ್ಟಿದ್ದರು ಎಂದು ಅತ್ತೆಗೆ ತಿಳಿದದ್ದು ಗಂಡ ತೀರಿಕೊಂಡ ಮೇಲೆ, ಅದನ್ನು ಆ ಮನೆಗೆ ಸಾಗಿಸಿದ್ದ ಹಳೇ ಬಡಗಿಯ ಬಾಯಿಂದ. ಅಷ್ಟು ಹೊತ್ತಿಗೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಈಗ ಚಿಕ್ಕತ್ತೆಯೇ ಹೋಗುವ ಮುಂಚೆ ಬರ್ತೀನಿ ಎಂದು ಹೇಳಿ ಕಳಿಸಿದ್ದರು. ಅಂದಿನಿಂದ ಅತ್ತೆ ಒಂದೇ ಸಮ ಸೀರೆ ಆರಿಸುತ್ತಿದ್ದರು.

“ಫೋನಲ್ಲಿ ಮಾತಾಡಿಬಿಡಮ್ಮ,” ಎಂದ ಮಗ, ಮಂಗಳವಾರ ಸಂಜೆ.

“ಫೋನಲ್ಲಿ ಅವಳಿಗೆ ಏನೂ ಕೇಳ್ಸಲ್ಲ. ಮೇಲಿಂದ ಕೂಗಿ ಹೇಳಕ್ಕೆ ಅದು ಬೀದಿಗೆಲ್ಲ ಕೇಳೋ ಮಾತೂ ಅಲ್ಲ. ಅವಳ ಕೈ ಹಿಡ್ಕೊಂಡು ಹೇಳ್ಬೇಕು.”

“ಹಾಗಾದ್ರೆ ನಾನು, ಕೆಳಗಿನ ಮನೆ ಅಣ್ಣತಮ್ಮಂದಿರು ಸೇರಿ ನಿನ್ನ ಕುರ್ಚಿ ಸಮೇತ ಇಳಿಸ್ತೀವಿ. ನಾಳೇನೇ ಆಗ್ಲಿ. ನಾಡಿದ್ದು ನಾನು ಲಾರಿ ತಗೊಂಡು ಹೊರಟ್ರೆ ಬರೋದು ಭಾನುವಾರ.”

“ಮೂಟೆ ಇಳಿಸಿದ ಹಾಗೆ ಇಳಿಸ್ತಾನಂತೆ. ಲಿಫ್ಟ್ ಆಗತ್ತಂತಲ್ಲ, ಶನಿವಾರ ಅವಳೇ ಬರ್ಲಿ.” ಅತ್ತೆ ಸೊಸೆಯ ಕಡೆ ತಿರುಗಿದರು. “ಆಗತ್ತೆ ಅಲ್ವೇನೇ?”

ಆಗಲ್ಲ ಅತ್ತೆ. ಇಷ್ಟೇ ಹೇಳಬೇಕಾಗಿದ್ದದ್ದು. ನಾಲಿಗೆಯ ತುದಿವರೆಗೂ ಬಂತು. ಹಾಗಂದರೆ ಹಾಕಿಸಿದವಳೂ ನೀನೇ ಅಲ್ಲವೇ ಎಂಬ ಮಾತು ಬರುತ್ತದೆ, ಕೊಚ್ಚಿಕೊಂಡ ಅತ್ತೆಯ ಮುಖ ಸಣ್ಣದಾಗುತ್ತದೆ.

“ನೋಡ್ತಿದಾರೆ ಅತ್ತೆ. ಗೊತ್ತಾದ ತಕ್ಷಣ ಹೇಳ್ತೀನಿ,” ಎಂದಳು.

ಕನ್ನಡದಲ್ಲೂ ಅದು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಗಾಬರಿಯಾಯಿತು. ಆ ರಾತ್ರಿ ಚಿಕ್ಕತ್ತೆಯ ಮಗಳು ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದಳು, ಶನಿವಾರ ಅಮ್ಮ ಡ್ರಾಪ್ ಇನ್ ಮಾಡಬಹುದಾ, ಲಿಫ್ಟ್ ಸಾರ್ಟ್ ಔಟ್ ಆಯಿತಾ ಎಂದು. ಇಟ್ ಶುಡ್ ವರ್ಕ್ ಔಟ್ ಎಂದು ಸೊಸೆ ಉತ್ತರ ಬರೆದಳು. ಕೊನೆಗೊಂದು ನಗುಮುಖವನ್ನೂ ಹಾಕಿದಳು.

ಮರುದಿನದಿಂದ ಅವಳು ಸುಮ್ಮನೆ ಕೂರಲಿಲ್ಲ, ಅದನ್ನೂ ಹೇಳಬೇಕು. ಸ್ಟೋರಿನವನ ಬೆನ್ನು ಬಿದ್ದಳು, ಮ್ಯಾನೇಜರ್ ಸಾಹೇಬರ ಕೋಣೆಗೇ ಹೋಗಿ ನಿಂತಳು. ಅವರು ತಲೆ ಎತ್ತದೆ, “ನೋಡ್ತಿದೀವಲ್ಲಮ್ಮ,” ಅಂದರು. ಆ ಮಾತಿನ ಒಳಗುಟ್ಟು ಗೊತ್ತಿದ್ದವಳಿಗೆ ಮತ್ತೆ ಕೇಳುವುದೇನು ಉಳಿಯಿತು? ಗುರುವಾರ ಗಂಡ ಲಾರಿ ಹತ್ತಿ ಹೊರಟ. ಕೆಳಗಿನ ಮನೆಯ ಅಣ್ಣತಮ್ಮಂದಿರು ಬೇರೆ ಊರಿನ ಕೆಲಸಕ್ಕೆ ಹೋದರು. ಶುಕ್ರವಾರವೂ ಅವಳು ಅತ್ತೆಗೆ ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ಟ್ಯಾಕ್ಸಿ ಬಂದು ನಿಂತಿತು. ಸೊಸೆ ಮೆಟ್ಟಿಲು ಇಳಿದು ಬರುವಷ್ಟರಲ್ಲಿ ಚಿಕ್ಕತ್ತೆ ಲಿಫ್ಟಿನ ಮುಂದೆ ನಿಂತು ಗುಂಡಿ ಒತ್ತುತ್ತಿದ್ದರು. ಮಗಳು ಬಾಗಿಲ ಮೇಲಿನ ಕಾಗದ ಓದಿ ಸೊಸೆಯ ಮುಖ ನೋಡಿದಳು.

“ಇನ್ನೂ ನೋಡ್ತಾನೇ ಇದಾರಾ?”

“ಇಲ್ಲ. ಯಾರೂ ನೋಡ್ತಿಲ್ಲ,” ಎಂದಳು ಸೊಸೆ. “ಸಾಮಾನು ತರಿಸೇ ಇಲ್ಲ. ಈ ತಿಂಗಳು ಆಗಲ್ಲ. ನಂಗೆ ಮೊದ್ಲೇ ಗೊತ್ತಿತ್ತು.”

ಚಿಕ್ಕತ್ತೆಗೆ ಕೇಳಿಸಿತೋ ಇಲ್ಲವೋ, ಅವರು ಮೆಟ್ಟಿಲಿನ ಕಡೆ ಹೊರಟರು. ಮಗಳು ತೋಳು ಹಿಡಿದು ನಿಲ್ಲಿಸಿದಳು. ವಿಮಾನಕ್ಕೆ ಹೊತ್ತಾಗುತ್ತಿತ್ತು. ಕುರ್ಚಿ ಹೊರಲು ಟ್ಯಾಕ್ಸಿಯವನೊಬ್ಬನಿಂದ ಆಗುವಂತಿರಲಿಲ್ಲ.

ಸೊಸೆ ಹೊರಗೆ ಬಂದು ತಲೆಯೆತ್ತಿದಳು. ಅತ್ತೆ ಬಾಲ್ಕನಿಯಲ್ಲಿ ಹೊಸ ಸೀರೆಯುಟ್ಟು ನಿಂತಿದ್ದರು.

“ಲಿಫ್ಟ್ ಇಲ್ಲ ಅತ್ತೆ. ಇವತ್ತೂ ಇಲ್ಲ, ನಾಳೇನೂ ಇಲ್ಲ,” ಎಂದು ಕೂಗಿದಳು.

ಚಿಕ್ಕತ್ತೆ ಬಂದು ಬೀದಿಯಲ್ಲಿ ನಿಂತು ಮೇಲೆ ನೋಡಲು ಹೋದರು. ಬಿಸಿಲು ಕಣ್ಣಿಗೆ ಹೊಡೆದು ತಲೆ ತಗ್ಗಿಸಿದರು. ಎದುರಿನ ಇಸ್ತ್ರಿ ಅಂಗಡಿಯವನು ಇಸ್ತ್ರಿ ನಿಲ್ಲಿಸಿದ. ಆಗ ಅತ್ತೆ ಕಂಬಿ ಹಿಡಿದು ಬಗ್ಗಿ ಕೂಗಿದರು.

“ಅವಳಿಗೆ ಹೇಳು, ಅವತ್ತು ಕಳ್ಳಿ ಅಂದೆ, ಅದು ನನ್ನ ಕೊಳಕು ಬಾಯಿ. ಮಿಷನ್ನು ಅವಳದೇ.”

“ಏನಂತೆ?” ಎಂದರು ಚಿಕ್ಕತ್ತೆ, ಕಿವಿ ಹತ್ತಿರ ತಂದು.

“ಅತ್ತೆಗೆ ಅವತ್ತು ನಡೆದಿದ್ದಕ್ಕೆ ಬೇಜಾರಿದೆಯಂತೆ,” ಎಂದಳು ಸೊಸೆ.

“ನಮ್ಮಕ್ಕ ಅಷ್ಟು ಮೆತ್ತಗೆ ಮಾತಾಡೋಳಲ್ಲ. ಏನಂದ್ಳೋ ಅದನ್ನ ಹೇಳು.”

ಬೀದಿಯ ಜನ ನೋಡುತ್ತಿದ್ದರು. ಸೊಸೆ ಚಿಕ್ಕತ್ತೆಯ ಕಿವಿಗೆ ಬಾಯಿಟ್ಟು, ಒಂದಕ್ಷರ ಬಿಡದೆ, ಗಟ್ಟಿಯಾಗಿ ಹೇಳಿದಳು. ಚಿಕ್ಕತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, “ನಂಗೂ ಅಹಂಕಾರ. ನಿನ್ನ ಗಂಡನ್ನ ಕೇಳು ಅಂತ ಒಂದು ಮಾತು ಅಂದಿದ್ರೆ ಅವತ್ತೇ ಮುಗೀತಿತ್ತು. ಹೇಳು ಅವಳಿಗೆ,” ಎಂದರು. ಸೊಸೆ ಅದನ್ನೂ ಮೇಲಕ್ಕೆ ಕೂಗಿದಳು. ಚಿಕ್ಕತ್ತೆ ಕೈಯೆತ್ತಿ ಆಡಿಸಿದರು, ಮಗಳು ಅವರನ್ನು ಕೂರಿಸಿದಳು, ಟ್ಯಾಕ್ಸಿ ಹೊರಟಿತು.

ಸೊಸೆ ಮೇಲೆ ಬಂದಾಗ ಅತ್ತೆ ಒಳಗೆ ಬಂದಿರಲಿಲ್ಲ, ಬಾಲ್ಕನಿಯ ಕುರ್ಚಿಯಲ್ಲೇ ಕೂತಿದ್ದರು.

“ಮಂಗಳವಾರಾನೇ ಗೊತ್ತಿತ್ತೇನೇ ನಿಂಗೆ?”

“ಗೊತ್ತಿತ್ತು ಅತ್ತೆ.”

ಅತ್ತೆ ತಲೆಯಾಡಿಸಿದರು. ಬೈಯಲಿಲ್ಲ. ಬೈದಿದ್ದರೆ ಸೊಸೆಗೆ ಎಷ್ಟೋ ಹಗುರವಾಗುತ್ತಿತ್ತು.

“ಇಲ್ಲಿಂದ ಬರೀ ನೆತ್ತಿ ಕಾಣ್ತು ಕಣೆ,” ಎಂದರು. “ಕೂದ್ಲೆಲ್ಲ ಬೆಳ್ಳಗಾಗಿದೆ. ಮುಖ ಹೇಗಾಗಿತ್ತು, ಹೇಳು.”

ಸೊಸೆ ಅತ್ತೆಯ ಪಕ್ಕ ಕೂತು, ಹಣೆಯಿಂದ ಶುರುಮಾಡಿ, ಕಂಡದ್ದು ಕಂಡ ಹಾಗೆ ಹೇಳತೊಡಗಿದಳು.