ರಷ್ಯಾಕ್ಕೆ ಬೇಕಾದ ಸಾವು

"ಅಳೇ ಮುಂಡೆ! ಮೊನ್ನೆ ಮಣ್ಣು ಹಾಕಿ ಬಂದಿದೀಯ, ಕಣ್ಣೀರಿಗೇನು ಬರವಾ? ಬಿಸಿಲು ಹೋಗ್ತಾ ಇದೆ!"

ನಿರ್ದೇಶಕ ಲಿಂಡೆಗೋರ್ ಬಾಯಿಗೆ ತಗಡಿನ ಕೊಳವೆ ಹಿಡಿದು ಕೂಗುತ್ತಿದ್ದ. ಮಾತಿಲ್ಲದ ಚಿತ್ರವಲ್ಲವೇ, ಕ್ಯಾಮೆರಾ ತಿರುಗುವಾಗಲೂ ಬಾಯಿಗೆ ಬಂದಂತೆ ಬೈಯಬಹುದು.

ಕೋಪನ್‌ಹೇಗನ್ನಿನ ಹೊರಗಿನ ನಮ್ಮ ಗಾಜಿನ ಸ್ಟುಡಿಯೋದಲ್ಲಿ ಬಿಸಿಲೇ ಯಜಮಾನ. ಬಿಸಿಲಿದ್ದ ದಿನ ಯಾರಿಗೂ ರಜೆಯಿಲ್ಲ. ಒಂದೊಂದು ಚಿತ್ರಕ್ಕೂ ಎರಡೆರಡು ಕೊನೆ ತೆಗೆಯುತ್ತಾರೆ. ಮಿಕ್ಕ ದೇಶಗಳಿಗೆಲ್ಲ ಸುಖದ್ದು, ರಷ್ಯಾಕ್ಕೆ ಮಾತ್ರ ಸಾವಿನದು. ಅಲ್ಲಿನವರು ಅಳದೆ ಮನೆಗೆ ಹೋಗುವುದಿಲ್ಲವಂತೆ.

ಸುಖದ ಕೊನೆ ಈಸ್ಟರಿಗೆ ಮೊದಲೇ ಮುಗಿದಿತ್ತು. ಜ್ವರ ಬಿಟ್ಟ ಕೂಸು ತೊಟ್ಟಿಲಲ್ಲಿ ನಗಬೇಕು. ಬಾಡಿಗೆ ಕೂಸು ಯಾಕೆಂದು ನಟಿ ಥೋರಾಳ ಏಳು ತಿಂಗಳ ಮಗಳು ಸಿಗ್ನೆಯನ್ನೇ ಮಲಗಿಸಿದ್ದರು. ಎರಡೇ ಹಲ್ಲು ಬಿಟ್ಟುಕೊಂಡು ಎಷ್ಟು ಚೆನ್ನಾಗಿ ನಕ್ಕಿತ್ತು!

ಹೋದ ವಾರ ಸಿಗ್ನೆಗೆ ನಿಜವಾಗಿಯೂ ಜ್ವರ ಬಂತು. "ಒಂದ್ ಗಳಿಗೆ ಬುಟ್ಬುಡಿ ಸಾಮಿ" ಎಂದು ಥೋರಾ ಲಿಂಡೆಗೋರನ ಕಾಲು ಹಿಡಿದಳು. ಅಂದು ಬಿಸಿಲಿತ್ತು. ಸಂಜೆ ಅವಳು ಮನೆ ಮುಟ್ಟುವಷ್ಟರಲ್ಲಿ ಕೂಸು ತಣ್ಣಗಾಗಿತ್ತು.

ಈಗ ರಷ್ಯಾದ ಕೊನೆ. ಅವಳ ಮಡಿಲಲ್ಲಿ ಸತ್ತ ಕೂಸಿನ ಬದಲು ಮರದ ಗೊಂಬೆ. ಅದಕ್ಕೆ ಸುತ್ತಿದ್ದದ್ದು ಸಿಗ್ನೆಯ ಶಾಲು. ಲಿಂಡೆಗೋರ್ ಹೇಳಿದನೆಂದು ಥೋರಾಳ ಪೆಟ್ಟಿಗೆಯಿಂದ ಅದನ್ನು ತೆಗೆದುಕೊಟ್ಟವಳು ನಾನೇ, ಬಟ್ಟೆ ಹೊಲಿಯುವ ಪೆಟ್ರೀನೆ. ಕೆಲಸ ಹೋದೀತೆಂಬ ಭಯ.

ಥೋರಾ ಶಾಲನ್ನು ಮೂಸಿ ನೋಡಿದಳು. ಅಳಲಿಲ್ಲ.

"ಇದನ್ ಯಾರಕ್ಕ ತಂದಿದ್ದು?"

"ನಾನೇ ಕಣವ್ವ. ನನ್ ಕೈ ಸೇದೋಗ."

"ಒಗ್ದಿಲ್ವಲ್ಲ, ಅಷ್ಟೇ ಸಾಕು. ಇನ್ನೂ ಅವ್ಳ ವಾಸ್ನೆ ಅದೆ."

"ಅಲ್ಲೇನೇ ಹರಟೆ, ಲೌಡಿ? ಅಳೇ!"

ಥೋರಾ ಎದ್ದು ನಿಂತಳು. "ಅಳಾಕಿಲ್ಲ. ಮಿಕ್ಕ ದೇಸದಾಗೆಲ್ಲ ನನ್ ಮಗ್ಳು ಬದ್ಕವ್ಳೆ, ಎರಡ್ ಹಲ್ ಬುಟ್ಕಂಡ್ ನಗ್ತಾವ್ಳೆ. ಒಂದ್ ಸಲ ಸಾಯಿಸಿದ್ರಲ್ಲ, ಸಾಲ್ದಾ? ಇನ್ನೊಂದ್ ಸಲ ಸಾಯಾಕೆ ನಾ ಬುಡಾಕಿಲ್ಲ."

"ನಾಳೆಯಿಂದ ಈ ಊರಲ್ಲಿ ಯಾವನೂ ನಿನ್ನ ಮುಖದ ಚಿತ್ರ ತೆಗೆಯಲ್ಲ, ತಿಳ್ಕೊ!"

"ಬ್ಯಾಡ ಬುಡಿ."

ಶಾಲು ಬಿಚ್ಚಿಕೊಂಡು ಗೊಂಬೆಯನ್ನು ಖಾಲಿ ತೊಟ್ಟಿಲಲ್ಲಿಟ್ಟಳು. ಗೋಡೆಯ ಬಳಿ ಹೋಗಿ ಗಾಜಿನ ಮಾಡಿನ ಕರಿ ಪರದೆಯ ಹಗ್ಗ ಎಳೆದಳು. ಬಿಸಿಲು ಅರ್ಧ ಮುಚ್ಚಿತು. ಪರದೆ ಅಲ್ಲೇ ಸಿಕ್ಕಿಕೊಂಡಿತು.

ನಾನು ಸೂಜಿ ಬಿಸಾಕಿ ಹೋಗಿ ಅವಳ ಜೊತೆ ಹಗ್ಗಕ್ಕೆ ಕೈ ಹಾಕಿದೆ.